ಕೆಂಪು ಜನವರಿಗೆ ಹೋಯಿತು

ನಮ್ಮ ಗೇಟಿನ ಪಕ್ಕದ ಕ್ರಿಸ್‌ಮಸ್ ಗಿಡ ಐದು ವರ್ಷ ಅರ್ಧವೇ ಕೆಂಪಾಗುತ್ತಿತ್ತು. ಮನೆ ಕಡೆಯ ಕೊಂಬೆಗಳು ಡಿಸೆಂಬರ್ ಹೊತ್ತಿಗೆ ಕುಂಕುಮ ಎರಚಿದ ಹಾಗೆ, ರಸ್ತೆ ಕಡೆಯವು ಹಸಿರೋ ಹಸಿರು. ನೋಡಿದವರು ಒಬ್ಬೊಬ್ಬರು ಒಂದೊಂದು ಕಾರಣ ಹೇಳಿದರು. ಆ ಬದಿಗೆ ಬೇರು ಇಳಿದಿಲ್ಲ ಎಂದರು ಒಬ್ಬರು. ರಸ್ತೆಗೆ ಟಾರು ಹಾಕುವಾಗ ಬಿಸಿ ತಾಗಿದೆ ಎಂದರು ಇನ್ನೊಬ್ಬರು. ಹಾಲು ಹಾಕುವ ಹೆಂಗಸು, "ಹೋಗೋ ಬರೋರ ಕಣ್ಣು ಬಿದ್ದದೆ ಕಣಣ್ಣ, ಒಂದು ಹಳೇ ಚಪ್ಪಲಿ ಕಟ್ಟಿ" ಎಂದಳು. ಚಪ್ಪಲಿ ಕಟ್ಟಲಿಲ್ಲ, ಬುಡಕ್ಕೆ ಎರಡು ಬುಟ್ಟಿ ಗೊಬ್ಬರ ಹಾಕಿದೆ. ಮರುವರ್ಷ ಹಸಿರು ಇನ್ನೂ ಸೊಂಪಾಯಿತು.

ಕಾರಣ ಸಿಕ್ಕಿದ್ದು ಮಗಳು ಬೆಂಗಳೂರಿನಿಂದ ಬಂದಾಗ. ರಾತ್ರಿ ಊಟ ಮುಗಿಸಿ ಅಂಗಳಕ್ಕೆ ಇಳಿದವಳು, "ಅಪ್ಪ, ಬೀದಿ ದೀಪದ ಬೆಳಕು ಎಲ್ಲಿ ತನಕ ಬಂದದೆ ನೋಡು" ಎಂದಳು. ಗೇಟಿನ ಕಂಬದ ನೆರಳು ಗಿಡದ ನಡುವೆ ಗೆರೆ ಎಳೆದ ಹಾಗೆ ಬಿದ್ದಿತ್ತು. ಬೆಳಕಿನ ಬದಿ ಹಸಿರು, ನೆರಳಿನ ಬದಿ ಕೆಂಪು. ಆ ಎಲ್‌ಇಡಿ ದೀಪ ಹಾಕಿಯೂ ಐದೇ ವರ್ಷವಾಗಿತ್ತು. ನಾವ್ಯಾರೂ ಎರಡನ್ನೂ ಸೇರಿಸಿ ನೋಡಿರಲಿಲ್ಲ.

ಈ ಗಿಡಕ್ಕೆ ಲೆಕ್ಕವಿರುವುದು ಕತ್ತಲೆಯದು. ಸೆಪ್ಟೆಂಬರ್ ಕೊನೆಗೆ ಹಗಲು ರಾತ್ರಿ ಸಮವಾಗಿ, ಅಲ್ಲಿಂದಾಚೆ ರಾತ್ರಿ ದಿನಕ್ಕಿಷ್ಟು ಉದ್ದವಾಗುತ್ತದೆ. ಡಿಸೆಂಬರ್ ಕೊನೆಯ ಹೊತ್ತಿಗೆ ನಮ್ಮ ಕಡೆ ಹಗಲಿಗಿಂತ ರಾತ್ರಿ ಸುಮಾರು ಒಂದು ಗಂಟೆ ಹೆಚ್ಚು. ಅಷ್ಟು ಉದ್ದದ ಕತ್ತಲೆ ನಡುವೆ ಕಡಿಯದೆ ವಾರಗಟ್ಟಲೆ ಸಿಕ್ಕರೆ ಮಾತ್ರ ಅದು ಹೂಬಿಡಲು ಹೊರಟು, ತುದಿಯ ಎಲೆಗಳನ್ನು ಕೆಂಪು ಮಾಡುತ್ತದೆ. ಕೆಂಪಗೆ ಕಾಣುವುದು ಹೂವಲ್ಲ, ಎಲೆಯೇ. ಹೂವು ನಡುವಿನ ಹಳದಿ ಗುಂಡಿ, ಯಾರೂ ಅದನ್ನು ನೋಡುವುದಿಲ್ಲ. ದೀಪ ಬಿದ್ದ ಬದಿಯ ಎಲೆಗಳಿಗೆ ರಾತ್ರಿ ಆಗಲೇ ಇಲ್ಲ. ಆ ಕೊಂಬೆಗಳು ಐದು ವರ್ಷದಿಂದ ಬೇಸಿಗೆಯಲ್ಲೇ ಇದ್ದವು.

ಸೋಮವಾರಪೇಟೆಯ ಬಣ್ಣದ ಕಾಲದ ಬಗ್ಗೆ ಬರೆಯಬೇಕು ಎಂದುಕೊಂಡಾಗ ಮೊದಲು ನೆನಪಾದದ್ದು ಈ ಗಿಡವೇ. ಏಕೆಂದರೆ ಇಲ್ಲಿ ನಾನು ಕಂಡ ಬದಲಾವಣೆ ಎಲ್ಲ ಹೀಗೆಯೇ ಆದದ್ದು. ಬಣ್ಣ ಕಡಿಮೆಯಾಗಿಲ್ಲ. ಅದರ ತಿಂಗಳು ತಪ್ಪಿದೆ.

ಮೊದಲು ತಿಂಗಳಿನ ವಿಚಾರ. ಶಾಲೆಯಲ್ಲಿ ನಮಗೆ ಇಂಗ್ಲಿಷಿನ ಆಟಮ್ ಎಂದರೆ ಶರತ್ಕಾಲ, ಆಗ ಎಲೆ ಉದುರುತ್ತದೆ ಎಂದು ಕಲಿಸಿದರು. ಮನೆಯ ಪಂಚಾಂಗದಲ್ಲಿ ಶರದೃತು ಎಂದರೆ ಆಶ್ವಯುಜ, ಕಾರ್ತಿಕ. ದಸರಾ ರಜೆಯಲ್ಲಿ ಹೊರಗೆ ಬಂದು ನೋಡಿದರೆ ಎಲೆ ಉದುರುವ ಮಾತು ಹಾಗಿರಲಿ, ನಾಲ್ಕು ತಿಂಗಳು ಮಳೆ ಕುಡಿದ ಮರಗಳು ಕಪ್ಪು ಎನ್ನಬೇಕು ಅಷ್ಟು ಹಸಿರು. ಜೂನಿನಿಂದ ಮುಖ ಮುಚ್ಚಿಕೊಂಡಿದ್ದ ಪುಷ್ಪಗಿರಿ ಅಕ್ಟೋಬರ್‌ನಲ್ಲಿ ಶಾಂತಳ್ಳಿ ಕಡೆಗೆ ಪೂರ್ತಿ ಕಾಣುತ್ತಿತ್ತು, ಅದೂ ಹಸಿರು. ಇಲ್ಲಿ ಎಲೆ ಉದುರುವುದು ಶಿಶಿರಕ್ಕೆ, ಮಾಘ ಫಾಲ್ಗುಣದಲ್ಲಿ, ಚಳಿಗಾಳಿ ಒಣಗತೊಡಗಿದ ಮೇಲೆ. ಮರಕ್ಕೆ ಚಳಿಯ ಹೆದರಿಕೆ ಇಲ್ಲ, ನೀರಿನ ಕೊರತೆಯದು. ಉದುರುವ ಮುಂಚೆ ಎಲೆಗೆ ನಾವು ಇಟ್ಟ ಹೆಸರು ಹಣ್ಣೆಲೆ. ಕಾಯಿ ಹಣ್ಣಾದ ಹಾಗೆ ಎಲೆಯೂ ಹಣ್ಣಾಯಿತು ಎಂದು ಲೆಕ್ಕ. ಕೆಂಪು ಎಂಬ ಮಾತನ್ನು ನಮ್ಮವರು ಚಿಗುರಿಗೆ ಇಟ್ಟುಕೊಂಡರು. ಕೆಂದಳಿರು ಎನ್ನುತ್ತೇವೆ. ಹೊಳೆ ದಂಡೆಯ ಸಾಗಡೆ ಮರ ಬೇಸಿಗೆಯ ಮೊದಲಿಗೆ ಹೊಸ ಎಲೆ ಬಿಟ್ಟಾಗ ದೂರದಿಂದ ಹೂವೆಂದೇ ಕಾಣುತ್ತದೆ. ಬೇರೆ ದೇಶದವರಿಗೆ ಎಲೆ ಬೀಳುವಾಗ ಸಿಗುವ ಕೆಂಪು ನಮಗೆ ಎಲೆ ಹುಟ್ಟುವಾಗ ಸಿಗುತ್ತದೆ.

ಒಂದೇ ಒಂದು ಮರ ಇಂಗ್ಲಿಷ್ ಪುಸ್ತಕದ ಹಾಗೆ ನಡೆದುಕೊಳ್ಳುತ್ತಿತ್ತು. ಶಾಲೆಯ ಮೈದಾನದ ಅಂಚಿನಲ್ಲಿದ್ದ ಕಾಡುಬಾದಾಮಿ. ಅಗಲ ಎಲೆಗಳು ಒಂದೊಂದಾಗಿ ಇಟ್ಟಿಗೆ ಕೆಂಪಾಗಿ ಬೀಳುತ್ತಿದ್ದವು. ಅದೂ ವರ್ಷಕ್ಕೆ ಎರಡು ಸಲ ಬೀಳುತ್ತಿದ್ದುದರಿಂದ ಪುಸ್ತಕದ ಜೊತೆ ಪೂರ್ತಿ ಹೊಂದುತ್ತಿರಲಿಲ್ಲ ಅನ್ನಿ. ನಾವು ಅದರ ಎಲೆಯನ್ನು ನೋಟ್‌ಬುಕ್ಕಿನಲ್ಲಿ ಇಡುತ್ತಿದ್ದೆವು, ವಾರದಲ್ಲಿ ಕಂದಾಗಿ ಪುಡಿಯಾಗುತ್ತಿತ್ತು. ಆ ಮರ ಈಗ ಇಲ್ಲ. ಅಲ್ಲಿ ಶೌಚಾಲಯ ಕಟ್ಟಿದ್ದಾರೆ, ಕಟ್ಟಲೇಬೇಕಿತ್ತು.

ಶರತ್ಕಾಲದ ಬಣ್ಣ ಎಂದರೆ ನಮ್ಮ ಮನೆಯಲ್ಲಿ ಅವ್ವನ ಡೇರೆ ಹೂವು. ಪಟ್ಟಣದವರು ಡೇಲಿಯಾ ಅನ್ನುವುದನ್ನು ನಾವು ಡೇರೆ ಅನ್ನುತ್ತೇವೆ. ಅದರ ಕೆಲಸ ಏಪ್ರಿಲ್‌ನಲ್ಲೇ ಶುರು. ಕಾಫಿಗೆ ಹೂಮಳೆ ಬಿದ್ದು ನೆಲ ತೋಯ್ದ ಮೇಲೆ ಅವ್ವ ಅಟ್ಟದಿಂದ ಬುಟ್ಟಿ ಇಳಿಸುವಳು. ಒಳಗೆ ಒಣಮಣ್ಣು, ಬೂದಿ, ಅದರ ನಡುವೆ ಸಣ್ಣ ಗೆಣಸಿನ ಹಾಗಿರುವ ಗೆಡ್ಡೆಗಳ ಗೊಂಚಲು. ಪ್ರತಿ ಗೊಂಚಲಿಗೂ ಬಟ್ಟೆ ಚೂರು ಕಟ್ಟಿದ್ದು. ಕೆಂಪು ಚೂರಿದ್ದರೆ ಕೆಂಪು ಹೂ, ಹಳದಿಗೆ ಹಳದಿ. ಎರಡು ಬಣ್ಣದ ಹೂವಿಗೆ ಅಪ್ಪನ ಹಳೇ ಲುಂಗಿಯ ಚೌಕಳಿ ಚೂರು. ಗೆಡ್ಡೆ ಎಷ್ಟೇ ದಪ್ಪವಿದ್ದರೂ ಕುತ್ತಿಗೆಯಲ್ಲಿ ಕಣ್ಣು ಇಲ್ಲದಿದ್ದರೆ ಮೊಳೆಯುವುದಿಲ್ಲ. ಅವ್ವ ಕಿಟಕಿಯ ಬೆಳಕಿಗೆ ಹಿಡಿದು ಹೆಬ್ಬೆರಳಲ್ಲಿ ಸವರಿ ಕಣ್ಣು ಹುಡುಕುವಳು, ಕುರುಡು ಗೆಡ್ಡೆಯನ್ನು ಹಿಂದಕ್ಕೆ ಎಸೆಯುವಳು. ಕೋಳಿಗಳು ಓಡಿ ಬಂದು ನೋಡಿ ಬಿಟ್ಟು ಹೋಗುವವು.

ಮೇ ಕೊನೆಗೆ ನೆಟ್ಟರೆ ಜುಲೈಯಲ್ಲಿ ಎದೆಯುದ್ದ. ಆಗ ನಮ್ಮ ಮಳೆಯ ಹೊಡೆತ. ದಂಟು ಟೊಳ್ಳು, ಗಾಳಿಗೆ ಪಟ್ಟನೆ ಮುರಿಯುತ್ತದೆ. ಅದಕ್ಕೆ ಬಿದಿರಿನ ದಬ್ಬೆ ಸೀಳಿ ನೆಟ್ಟು ಬಾಳೆ ಪಟ್ಟೆಯಲ್ಲಿ ಕಟ್ಟುವುದು ನನ್ನ, ತಂಗಿಯ ಕೆಲಸ. ಗೊರಬು ಹಾಕಿಕೊಂಡು, ಕಾಲಿಗೆ ಜಿಗಣೆ ಹತ್ತಿಸಿಕೊಂಡು ಕಟ್ಟಬೇಕು. ಅವ್ವ ಜಗಲಿಯ ಮೇಲೆ ನಿಂತು, "ಬಿಗಿ ಮಾಡಬೇಡ ಮಗ, ಕುತ್ತಿಗೆ ಹಿಸುಕ್ದಂಗೆ ಆಯ್ತದೆ" ಎನ್ನುವಳು. ಗೌರಿ ಹಬ್ಬಕ್ಕೆ ಮೊದಲ ಹೂವು, ದಸರಾಕ್ಕೆ ತುಂಬು ಅಂಗಳ. ದೀಪಾವಳಿ ಕಳೆದರೆ ಎಲೆ ಕರಕಾಗಿ, ಗಿಡ ಒಣಗಿ, ಗೆಡ್ಡೆ ಮತ್ತೆ ಅಟ್ಟಕ್ಕೆ.

ಈ ಗೆಡ್ಡೆ ದುಡ್ಡಿಗೆ ಸಿಗುತ್ತಿರಲಿಲ್ಲ. ಕೊಟ್ಟು ತರಬೇಕು. ಮದುವೆ ಮನೆಗೆ ಹೋದರೆ ಅವ್ವನ ಕಣ್ಣು ಮೊದಲು ಹಿತ್ತಿಲಿಗೆ. ಸೋಮವಾರದ ಸಂತೆಗೆ ಬಂದವರು ನಮ್ಮಲ್ಲಿ ಕಾಫಿ ಕುಡಿದು ಹೋಗುವಾಗ ಚೀಲದಲ್ಲಿ ಎರಡು ಗೆಡ್ಡೆ ಇರುತ್ತಿತ್ತು, ಬದಲಿಗೆ ಅವರ ಮನೆಯ ಎರಡು ಬರುತ್ತಿತ್ತು. ಕಳ್ಳತನವೂ ನಡೆಯುತ್ತಿತ್ತು. ನಮ್ಮ ನೆಂಟರೊಬ್ಬರ ಮನೆಯಲ್ಲಿ ನಮ್ಮದೇ ಚೌಕಳಿ ಹೂವು ಅರಳಿದ್ದನ್ನು ಕಂಡು ಅವ್ವ ಮೂರು ವರ್ಷ ಆ ಮನೆಯಲ್ಲಿ ಊಟ ಮಾಡಲಿಲ್ಲ. ಇದನ್ನು ಈಗ ಯಾರಾದರೂ ಹಳ್ಳಿಯ ಸೊಗಸಾದ ಹಂಚಿಕೊಳ್ಳುವ ಬಾಳು ಎಂದು ಬರೆದರೆ ನನಗೆ ಆ ಮೂರು ವರ್ಷ ನೆನಪಾಗುತ್ತದೆ.

ಅಂಗಳದಲ್ಲಿ ಮಿಕ್ಕವು ಚೆಂಡು ಹೂ, ಕಾಸ್ಮಾಸ್, ಜೀನಿಯಾ, ಮೂಲೆಯಲ್ಲಿ ಕ್ರಿಸ್‌ಮಸ್ ಗಿಡ. ಬೇಲಿಯ ಮೇಲೆ ಗೌರಿ ಹೂವಿನ ಬಳ್ಳಿ. ಎಲೆಯ ತುದಿಯನ್ನೇ ಕೊಕ್ಕೆ ಮಾಡಿಕೊಂಡು ಹತ್ತುವ ಈ ಬಳ್ಳಿಯ ಹೂವು ಮೊದಲು ಹಸಿರು ಹಳದಿ, ದಿನ ಕಳೆದಂತೆ ಬೆಂಕಿಗೆಂಪು. ಕೊಡವರು ಸೆಪ್ಟೆಂಬರ್‌ನ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಯ ಬಾಯಿಗೆ ಇದನ್ನು ಸಿಕ್ಕಿಸಿ ಪೂಜೆ ಮಾಡುತ್ತಾರೆ, ಅವರಿಗೆ ಇದು ತೋಕ್‌ಪೂ. ಗೆಡ್ಡೆ ಘೋರ ವಿಷ. ಮಕ್ಕಳಿಗೆ ಮುಟ್ಟಬೇಡಿ ಎಂದು ಹೇಳಿ ಹೇಳಿ ಅವ್ವ ಅದನ್ನು ಬೇಲಿಯಲ್ಲೇ ಬಿಟ್ಟಿದ್ದಳು.

ಅಂಗಳ ದಾಟಿದರೆ ತೋಟ. ಅಲ್ಲಿ ಬಣ್ಣ ಅಲಂಕಾರಕ್ಕೆ ಇರಲಿಲ್ಲ, ಕೆಲಸ ಹೇಳುತ್ತಿತ್ತು. ಮಳೆ ಕಡಿಮೆಯಾದ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹೊನ್ನೆ ಮರ ಹೂಬಿಡುತ್ತದೆ. ಮೇಲೆ ನೋಡಿದರೆ ಅಷ್ಟೇನೂ ಗೊತ್ತಾಗುವುದಿಲ್ಲ, ಕೆಳಗೆ ಕಾಫಿ ಗಿಡದ ಮೇಲೆಲ್ಲ ಹಳದಿ ಚೆಲ್ಲಿರುತ್ತದೆ. ಅಪ್ಪ ಬೆಳಗ್ಗೆ ತೋಟ ಸುತ್ತಿ ಬಂದು ಟೋಪಿಯ ಮೇಲಿನ ಹಳದಿ ಎಸಳು ಕೊಡವುತ್ತ, "ಹೊನ್ನೆ ಉದುರ್ತಾ ಅದೆ, ಗೊಬ್ಬರ ತರ್ಬೇಕು" ಎನ್ನುವರು. ಚಿಗುರು ತೆಗೆಯುವುದು, ಕಾಡು ಹೊಡೆಯುವುದು, ಗೊಬ್ಬರ, ಮೂರೂ ಆ ಹಳದಿಯ ಒಳಗೆ ಮುಗಿಯಬೇಕು. ನವೆಂಬರ್‌ಗೆ ಅರೇಬಿಕಾ ಹಣ್ಣು ಕೆಂಪಾಗತೊಡಗುತ್ತದೆ. ಒಂದೇ ಗೊಂಚಲಿನಲ್ಲಿ ಹಸಿರು, ಹಳದಿ, ಕೆಂಪು, ಬಿಟ್ಟರೆ ಕಪ್ಪು. ಕೆಂಪನ್ನು ಮಾತ್ರ ಬಿಡಿಸಬೇಕು, ಹಸಿರು ಸೇರಿದರೆ ಪಲ್ಪರ್‌ನಲ್ಲಿ ಸಿಪ್ಪೆ ಬಿಡುವುದಿಲ್ಲ, ಪಾರ್ಚ್‌ಮೆಂಟಿನ ಬೆಲೆ ಇಳಿಯುತ್ತದೆ. ಡಿಸೆಂಬರ್, ಜನವರಿಯಲ್ಲಿ ನಂದಿ ಮರದ ಎಲೆ ತಾಮ್ರದ ಬಣ್ಣಕ್ಕೆ ತಿರುಗಿ ಬಿದ್ದು, ನಯವಾದ ಬಿಳಿ ಕಾಂಡ ಬೆತ್ತಲೆ ನಿಲ್ಲುತ್ತಿತ್ತು. ಆ ಹೊತ್ತಿಗೆ ಕುಯ್ಲು ಮುಗಿದು ಕಣದಲ್ಲಿ ಕಾಫಿ ಒಣಗುತ್ತಿರಬೇಕು. ಬೂರುಗಕ್ಕೆ ಎಲೆಯಿಲ್ಲದೆ ಕೆಂಪು ಹೂ ಬಂದರೆ ಲೆಕ್ಕ ಚುಕ್ತಾ ಮಾಡುವ ಸಮಯ, ಲೈನ್ ಮನೆಯ ಕೂಲಿಯವರು ಊರಿಗೆ ಹೋಗುವ ಸಮಯ.

ಉದುರಿದ ದರಗನ್ನು ನೋಡಿ ಯಾರೂ ಖುಷಿಪಡುತ್ತಿರಲಿಲ್ಲ, ಗುಡಿಸಿ ಕೊಟ್ಟಿಗೆಗೆ ಹಾಕುತ್ತಿದ್ದೆವು. ಮಲಗಿದ ದನದ ಕೆಳಗೆ ಒದ್ದೆಯಾಗಿ ಗೊಬ್ಬರವಾಗಿ ಮತ್ತೆ ತೋಟಕ್ಕೆ. ನಂದಿ ಎಲೆ ಬೇಗ ಕೊಳೆಯುತ್ತದೆ, ಅದಕ್ಕೇ ಅದರ ಮೇಲೆ ಅಪ್ಪನಿಗೆ ಪ್ರೀತಿ.

ಇನ್ನೊಂದು ಮಾತನ್ನೂ ಹೇಳಬೇಕು. ಬೆಳೆಗಾರನಿಗೆ ಹಳದಿ ಎಲೆ ಎಂದರೆ ಎದೆ ಧಸಕ್ಕೆನ್ನುವ ವಿಷಯ. ಆಗಸ್ಟ್‌ನಲ್ಲಿ ಮೆಣಸಿನ ಬಳ್ಳಿ ಹಳದಿಯಾದರೆ ಸೊರಗು ರೋಗ. ಕಾಫಿ ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ ಕಂಡರೆ ತುಕ್ಕು. ನಾಲ್ಕು ಗಿಡ ಬಾಡಿ ಹಳದಿಗಟ್ಟಿ ನಿಂತರೆ ಕಾಂಡಕೊರಕ. ಮೇಪಲ್ ಮರದ ಚಿತ್ರ ಕಳಿಸುವ ನೆಂಟರಿಗೆ ನಾನು ಚೆಂದ ಇದೆ ಎಂದೇ ಉತ್ತರ ಬರೆಯುತ್ತೇನೆ. ಆದರೆ ಬೆಟ್ಟಕ್ಕೆ ಬೆಟ್ಟವೇ ಹಳದಿಯಾದದ್ದನ್ನು ಕಂಡಾಗ ಮೊದಲ ಗಳಿಗೆಯಲ್ಲಿ ನನಗೆ ಅನ್ನಿಸುವುದು ಔಷಧಿ ಹೊಡೆಯಲು ತಡವಾಯಿತು ಎಂದು.

1994ರಲ್ಲಿ ಬ್ರೆಜಿಲ್‌ನಲ್ಲಿ ಒಂದೇ ಚಳಿಗಾಲದಲ್ಲಿ ಎರಡು ಸಲ ಹಿಮ ಬಿದ್ದು ಕಾಫಿ ಸುಟ್ಟುಹೋಯಿತು. ಅಲ್ಲಿ ಬಿದ್ದ ಹಿಮಕ್ಕೆ ಇಲ್ಲಿ ಬೆಲೆ ಏರಿತು. ಕಾಫಿ ಬೋರ್ಡಿನ ಪೂಲ್‌ನ ಹಿಡಿತವೂ ಅದೇ ಹೊತ್ತಿಗೆ ಸಡಿಲಾಗಿತ್ತು, ಕಾಫಿಯನ್ನು ಬೇಕಾದವರಿಗೆ ಮಾರಬಹುದು ಎಂಬುದೇ ನಮಗೆ ಹೊಸದು. ಅಪ್ಪ ತೀರಿಹೋಗಿದ್ದರು, ತೋಟ ನನ್ನ ಕೈಯಲ್ಲಿತ್ತು. ಸುತ್ತಮುತ್ತ ಎಲ್ಲರೂ ನೆರಳು ಬಿಡಿಸಿ ಫಸಲು ಏರಿಸುತ್ತಿದ್ದರು. ನಾನೂ ಬಿಡಿಸಿದೆ.

ಕಾಡು ಜಾತಿಯ ಮರಗಳ ಜಾಗಕ್ಕೆ ಬಂದದ್ದು ಸಿಲ್ವರ್ ಓಕ್, ನಮ್ಮ ಬಾಯಲ್ಲಿ ಬರೀ ಸಿಲ್ವರ್. ಆಸ್ಟ್ರೇಲಿಯಾದ ಮರ, ಬ್ರಿಟಿಷರ ಕಾಲದಲ್ಲೇ ತೋಟಗಳಿಗೆ ಬಂದಿತ್ತು, ಆದರೆ ನಮ್ಮಂಥ ಸಣ್ಣ ಹಿಡುವಳಿಗಳಲ್ಲಿ ಅಲ್ಲೊಂದು ಇಲ್ಲೊಂದು. ಅದನ್ನು ಬೈಯುವುದು ಈಗ ಫ್ಯಾಷನ್ ಆಗಿದೆ, ಬೈಯುವವರು ಅದರ ಲೆಕ್ಕವನ್ನೂ ನೋಡಬೇಕು. ನೆಟ್ಟಗೆ ಬೆಳೆಯುತ್ತದೆ. ಮೆಣಸಿನ ಬಳ್ಳಿಗೆ ಅದಕ್ಕಿಂತ ಒಳ್ಳೆಯ ಕಂಬವಿಲ್ಲ. ಎಲ್ಲಕ್ಕಿಂತ ಮುಖ್ಯ, ಕಡಿಯಲು ಯಾರ ಅಪ್ಪಣೆಯೂ ಬೇಡ. ಕರ್ನಾಟಕದ 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ಪರವಾನಗಿ ಬೇಡದ ಮರಗಳ ಪಟ್ಟಿಯೊಂದಿದೆ. ತೆಂಗು, ರಬ್ಬರ್, ನೀಲಗಿರಿ, ಹಾಲುವಾಣದ ಜೊತೆ ಸಿಲ್ವರ್ ಕೂಡ ಅದರಲ್ಲಿದೆ. ನಂದಿಗೆ, ಹೊನ್ನೆಗೆ ಅರ್ಜಿ ಕೊಡಬೇಕು, ಕಾಯಬೇಕು. ಕೊಡಗಿನಲ್ಲಿ ಇನ್ನೂ ಒಂದು ಗಂಟು. ಜಮೀನು ರಿಡೀಮ್ ಆಗದಿದ್ದರೆ ನೆಲ ನಿಮ್ಮದು, ಮರ ಸರ್ಕಾರದ್ದು, ಮರದ ಬೆಲೆ ಕಟ್ಟಿ ಬಿಡಿಸಿಕೊಳ್ಳಬೇಕು. ತನ್ನದಲ್ಲದ ಮರವನ್ನು ಯಾವ ರೈತ ಸಾಕುತ್ತಾನೆ? ಹೊನ್ನೆಯ ಸಸಿ ತಾನಾಗಿ ಹುಟ್ಟಿದರೆ ಕಾಡು ಹೊಡೆಯುವಾಗ ಕತ್ತಿ ಸ್ವಲ್ಪ ಕೆಳಗೆ ಬೀಳುತ್ತಿತ್ತು, ಅಷ್ಟೆ. ನಮ್ಮ ತೋಟದಲ್ಲೂ ಬೀಳುತ್ತಿತ್ತು.

ಒಂಬತ್ತು ನಂದಿ ಇದ್ದವು. ಏಳನ್ನು ತೆಗೆಸಿದೆ. ಎರಡು ಉಳಿದದ್ದು ನನ್ನ ದೊಡ್ಡತನದಿಂದಲ್ಲ. ಅವು ಗಡಿಯಲ್ಲಿದ್ದವು, ಪಕ್ಕದವರು ತಮ್ಮದು ಅಂದರು, ನಾನು ನಮ್ಮದು ಅಂದೆ, ಇಬ್ಬರೂ ಮುಟ್ಟಲಿಲ್ಲ. ಆ ಜಗಳ ಇನ್ನೂ ತೀರಿಲ್ಲ, ಮರಗಳು ಚೆನ್ನಾಗಿವೆ. ಆಮೇಲೆ ಹಾಕಿದ ಸಿಲ್ವರ್‌ನಲ್ಲಿ ನಲವತ್ತು ಮರ ಮಾರಿದ ದುಡ್ಡು ತಂಗಿಯ ಮಗಳ ಮದುವೆಗೆ ಆಯಿತು. 2015ರ ಸುಮಾರಿಗೆ ಮೆಣಸಿಗೆ ಕಿಲೋಗೆ 600 ರೂಪಾಯಿ ದಾಟಿದಾಗ ಅದೇ ಸಿಲ್ವರ್ ಮೇಲಿನ ಬಳ್ಳಿಗಳು ನಮ್ಮ ಮನೆಗೆ ತಾರಸಿ ಹಾಕಿಸಿದವು. ಏಳು ನಂದಿಗೆ ಅಳುತ್ತ ಕೂತರೆ ಆ ತಾರಸಿಯ ಕೆಳಗೆ ಕೂತು ಅಳಬೇಕು.

ಆದರೆ ನಾನು ಎಣಿಸದೆ ಇದ್ದದ್ದು ದುಂಬಿಯನ್ನು. ಕಾಂಡಕೊರಕದ ದುಂಬಿ ಬಿಸಿಲು ಬಿದ್ದ ಅರೇಬಿಕಾ ಕಾಂಡ ಹುಡುಕಿ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಹುಳು ಒಳಗೆ ಸುರಂಗ ಕೊರೆಯುತ್ತದೆ, ಹೊರಗೆ ತೊಗಟೆ ಉಬ್ಬಿ ಉಂಗುರ ಸುತ್ತಿದ ಹಾಗೆ ಕಾಣುತ್ತದೆ. ಗಿಡ ಹಳದಿಯಾಗುವ ಹೊತ್ತಿಗೆ ಮುಗಿದಿರುತ್ತದೆ. ಕಿತ್ತು ಸುಡುವುದೊಂದೇ ದಾರಿ. ದಟ್ಟ ನೆರಳಿದ್ದಾಗ ವರ್ಷಕ್ಕೆ ಹತ್ತಿಪ್ಪತ್ತು ಗಿಡ ಹೋಗುತ್ತಿದ್ದವು. ನೆರಳು ತೆಳ್ಳಗಾದ ಮೇಲೆ ಒಂದು ವರ್ಷ ನಾನೂರು ಗಿಡ ಕಿತ್ತು ರಾಶಿ ಹಾಕಿದೆ. ಸಿಲ್ವರ್ ಎಲೆಯ ಜರಡಿಯಂಥ ನೆರಳಿಗೂ ಏಳು ನಂದಿಗಳ ನೆರಳಿಗೂ ಇರುವ ವ್ಯತ್ಯಾಸ ಆ ರಾಶಿ ಉರಿಯುವಾಗ ತಿಳಿಯಿತು. ಸಿಲ್ವರ್ ಎಲೆ ಬೇಗ ಕೊಳೆಯುವುದಿಲ್ಲ ಎಂಬುದು ಆಗಲೇ ಗೊತ್ತಾಗಿತ್ತು, ಬುಡದಲ್ಲಿ ಹಪ್ಪಳದ ಹಾಗೆ ವರ್ಷಗಟ್ಟಲೆ ಬಿದ್ದಿರುತ್ತದೆ. ತೋಟಕ್ಕೆ ನೆರಳು ಕೊಡುತ್ತಿದ್ದ ಹಾಲುವಾಣಕ್ಕೂ ಅದೇ ಕಾಲದಲ್ಲಿ ಕೇಡು ಬಂತು. 2005ರ ಆಸುಪಾಸಿನಲ್ಲಿ ಹೊರಗಿನಿಂದ ಬಂದ ಸಣ್ಣ ಕಣಜವೊಂದು ಅದರ ಎಲೆ ಚಿಗುರುಗಳಲ್ಲಿ ಗಂಟು ಹುಟ್ಟಿಸತೊಡಗಿತು. ಗಂಟುಗಂಟಾಗಿ ಮುರುಟಿದ ಮರಗಳಲ್ಲಿ ಮೊದಲಿನ ಹವಳದಂಥ ಹೂವನ್ನು ಈಗ ಹುಡುಕಬೇಕು.

ಅರೇಬಿಕಾ ಹೋದ ಜಾಗಕ್ಕೆ ರೋಬಸ್ಟಾ ಹಾಕಿದೆ. ಈ ದುಂಬಿಗೆ ಅದು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ, ಬಿಸಿಲೂ ತಡೆಯುತ್ತದೆ. ಒಮ್ಮೆ ಅಗ್ಗದ ಕಾಫಿ ಎನ್ನಿಸಿಕೊಂಡಿದ್ದ ಅದಕ್ಕೆ 2024ರಲ್ಲಿ ಹಿಂದೆಂದೂ ಕಾಣದ ಬೆಲೆ ಬಂತು, ಹಾಗಾಗಿ ನಾನು ಜಾಣ ಎಂದು ಈಗ ಊರವರು ಹೇಳುತ್ತಾರೆ. ರೋಬಸ್ಟಾ ನಿಧಾನದ ಗಿಡ. ಹಣ್ಣಾಗುವುದು ಜನವರಿ, ಫೆಬ್ರವರಿಗೆ. ಅಪ್ಪನ ಕಾಲದಲ್ಲಿ ಜನವರಿಗೆ ಕೆಂಪು ಮುಗಿದು ಕಣ ಖಾಲಿಯಾಗುತ್ತಿತ್ತು. ಈಗ ಜನವರಿಗೆ ಶುರು. ದೀಪಾವಳಿಗೆ ಬಂದ ನೆಂಟರು ಹಸಿರು ಕಾಯಿ ನೋಡಿ ಹೋಗುತ್ತಾರೆ, ಸಂಕ್ರಾಂತಿಗೆ ನಾವು ಎಳ್ಳು ಬೀರುವುದನ್ನೂ ಮರೆತು ಕುಯ್ಲಿನಲ್ಲಿರುತ್ತೇವೆ. ಕುಯ್ಯುವವರು ಅಸ್ಸಾಂ ಕಡೆಯವರು. ಬೂರುಗ ಹೂಬಿಟ್ಟರೆ ಊರಿಗೆ ಹೋಗುವ ಲೆಕ್ಕ ಅವರಿಗಿಲ್ಲ, ರೈಲು ಟಿಕೆಟ್ ಇರುವ ದಿನ ಹೋಗುತ್ತಾರೆ.

ಮಿಕ್ಕ ಕೆಂಪನ್ನು ಮಳೆ ಕೆಡಿಸಿತು. 2018ರ ಆಗಸ್ಟ್‌ನಲ್ಲಿ ಮಾದಾಪುರ, ಹಟ್ಟಿಹೊಳೆ ಕಡೆಯ ಗುಡ್ಡಗಳು ಜಾರಿದಾಗ ಹಸಿರಿನ ನಡುವೆ ಕೆಮ್ಮಣ್ಣಿನ ಉದ್ದುದ್ದ ಗಾಯ ಕಂಡಿದ್ದೆವು. ಆ ಕೆಂಪಿನ ಬಗ್ಗೆ ಇಷ್ಟು ಸಾಕು. 2021ರ ನವೆಂಬರ್ ಇಡೀ ಮಳೆ. ಉಳಿದಿದ್ದ ಒಂದು ಎಕರೆ ಅರೇಬಿಕಾದಲ್ಲಿ ಹಣ್ಣು ಗಿಡದಲ್ಲೇ ಒಡೆದು ನೆಲಕ್ಕೆ ಬಿತ್ತು. ಮಳೆಯಲ್ಲಿ ಕೊಡೆ ಹಿಡಿದು ಬಗ್ಗಿ ಹಣ್ಣು ಆರಿಸಿದೆವು, ಅರ್ಧ ಆಗಲೇ ಮೊಳಕೆ. ಅಷ್ಟು ಕೆಂಪನ್ನು ಕಾಲ ಕೆಳಗೆ ನಾನು ಯಾವತ್ತೂ ಕಂಡಿರಲಿಲ್ಲ.

ಇನ್ನು ಅಂಗಳ. ಅವ್ವ ಹೋದ ಮೇಲೆ ನಾಲ್ಕೈದು ವರ್ಷ ಗೆಡ್ಡೆ ನೆಟ್ಟೆವು. ಒಂದು ವರ್ಷ ಅಟ್ಟದಿಂದ ಬುಟ್ಟಿ ಇಳಿಸಲು ಮರೆತೆವು, ಮರುವರ್ಷ ನೋಡಿದರೆ ಇಲಿ ತಿಂದು ಬಟ್ಟೆ ಚೂರುಗಳು ಮಾತ್ರ ಇದ್ದವು. ಈಗ ಅಂಗಳಕ್ಕೆ ಇಂಟರ್‌ಲಾಕ್ ಹಾಸಿದೆ, ಮಳೆಗಾಲದಲ್ಲಿ ಕೆಸರಿಲ್ಲ, ಜಿಗಣೆಯಿಲ್ಲ. ಅಂಚಿನಲ್ಲಿ ಕುಂಡಗಳು. ಕ್ರೋಟನ್, ಬೋಗನ್‌ವಿಲ್ಲಾ, ನರ್ಸರಿಯಿಂದ ತಂದ ಏನೇನೋ. ಹನ್ನೆರಡು ತಿಂಗಳೂ ಕೆಂಪು, ಹಳದಿ, ನೇರಳೆ. ಡೇರೆಯೂ ಬೇಕೆಂದರೆ ಕುಂಡದಲ್ಲಿ ಹೂ ಸಮೇತ ಸಿಗುತ್ತದೆ, ಮೊಣಕಾಲೆತ್ತರದ್ದು, ದಬ್ಬೆ ಬೇಡ. ದುಡ್ಡು ಕೊಟ್ಟು ತಂದರೆ ಯಾರ ಮನೆಯಲ್ಲೂ ಮೂರು ವರ್ಷ ಊಟ ಬಿಡುವ ಪ್ರಮೇಯವಿಲ್ಲ. ಹೋಂಸ್ಟೇಗೆ ಬಂದವರು ಗೇಟಿನ ಹೊರಗೆ ಕಾರು ನಿಲ್ಲಿಸಿ ಫೋಟೋ ತೆಗೆದುಕೊಳ್ಳುತ್ತಾರೆ. ಆ ಫೋಟೋ ನೋಡಿ ಅದು ಯಾವ ತಿಂಗಳು ಎಂದು ಹೇಳಲು ನನ್ನಿಂದ ಆಗುವುದಿಲ್ಲ.

ಗೌರಿ ಹೂವಿನ ಬಳ್ಳಿ ಆನೆಯಿಂದ ಹೋಯಿತು. ಆನೆ ತಿಂದದ್ದಲ್ಲ, ಆನೆಗೆಂದು ಸೋಲಾರ್ ಬೇಲಿ ಹಾಕಿದೆವು. ತಂತಿಗೆ ಬಳ್ಳಿ ತಾಗಿದರೆ ಕರೆಂಟು ನೆಲಕ್ಕೆ ಇಳಿದುಹೋಗುತ್ತದೆ, ಹಾಗಾಗಿ ತಿಂಗಳಿಗೊಮ್ಮೆ ಬೇಲಿ ಸಾಲನ್ನು ಸವರುತ್ತೇವೆ. ಗೆಡ್ಡೆ ನೆಲದೊಳಗೆ ಇದ್ದೀತು.

ಇದನ್ನೆಲ್ಲ ಹೇಳಿದರೆ ಹೆಂಡತಿ, "ನಿಮ್ಮವ್ವನ ಸೊಂಟ ಏನು ಹೇಳ್ತಿತ್ತು ಅಂತ ನಂಗೊತ್ತು, ಎಣ್ಣೆ ತಿಕ್ಕಿದೋಳು ನಾನು" ಎನ್ನುತ್ತಾಳೆ. ನಿಜ. ದಬ್ಬೆ ಕಟ್ಟುವುದು ಮಕ್ಕಳ ಪಾಲಾದರೂ ಅಗೆಯುವುದು, ಸೆಗಣಿ ಹೊರುವುದು, ಮಳೆಯಲ್ಲಿ ಕಳೆ ತೆಗೆಯುವುದು ಎಲ್ಲ ಅವಳದೇ, ತೋಟದವರಿಗೆ ಅಡಿಗೆ ಮಾಡಿ ಮಿಕ್ಕ ಹೊತ್ತಿನಲ್ಲಿ. ಅವಳಿಗೆ ಡೇರೆಯ ಮೇಲೆ ಪ್ರೀತಿ ಇತ್ತೋ, ಮನೆಯಲ್ಲಿ ತನ್ನದು ಎನ್ನಲು ಅದೊಂದೇ ಇತ್ತೋ. ನಾವು ಕೇಳಲಿಲ್ಲ.

ನಮ್ಮದು, ಹೊರಗಿನದು ಎಂಬ ಮಾತೂ ಇಲ್ಲಿ ನಿಲ್ಲುವುದಿಲ್ಲ. ಒಂದು ದಿನ ಕೂತು ಲೆಕ್ಕ ಹಾಕಿದೆ. ಡೇರೆ ಮೆಕ್ಸಿಕೋದ್ದು. ಚೆಂಡು ಹೂ, ಕಾಸ್ಮಾಸ್, ಜೀನಿಯಾ ಅಲ್ಲಿಯವೇ. ಕ್ರಿಸ್‌ಮಸ್ ಗಿಡವೂ. 1820ರ ದಶಕದಲ್ಲಿ ಜೋಯೆಲ್ ಪಾಯಿನ್‌ಸೆಟ್ ಎಂಬ ಅಮೆರಿಕದ ರಾಯಭಾರಿ ಅದನ್ನು ಮೆಕ್ಸಿಕೋದಿಂದ ತನ್ನೂರಿಗೆ ಕಳಿಸಿದ, ಇಂಗ್ಲಿಷಿನ ಹೆಸರು ಬಂದದ್ದು ಅವನಿಂದ. ಅಕ್ಟೋಬರ್‌ನಲ್ಲಿ ರಸ್ತೆ ಬದಿ ಉದ್ದಕ್ಕೂ ಅರಳುವ ಕಾಡು ಸೂರ್ಯಕಾಂತಿಯೂ ಆ ಕಡೆಯದು. ಕಾಫಿ ಆಫ್ರಿಕಾದ್ದು. ಅವ್ವ ಗೌರಿಗೆ, ಆಯುಧಪೂಜೆಗೆ, ಬಲಿಪಾಡ್ಯಮಿಗೆ ಕಿತ್ತು ಏರಿಸಿದ ಹೂವಿನಲ್ಲಿ ಮುಕ್ಕಾಲು ಪಾಲು ಮೆಕ್ಸಿಕೋದ್ದೇ, ಗೌರಿ ಬೇಡ ಅನ್ನಲಿಲ್ಲ. ಹಾಗಿರುವಾಗ ಸಿಲ್ವರ್ ಒಂದನ್ನೇ ಪರದೇಶಿ ಎಂದು ಬೈದರೆ ಅದು ನ್ಯಾಯವಲ್ಲ. ಮಾರ್ಚ್‌ನಲ್ಲಿ ಅದಕ್ಕೂ ಬಾಚಣಿಗೆಯಂಥ ಕಿತ್ತಳೆ ಹಳದಿ ಹೂ ಬರುತ್ತದೆ, ಜೇನು ಮುತ್ತುತ್ತವೆ. ಅದನ್ನು ನೋಡಿ ಗೊಬ್ಬರ ಹಾಕಬೇಕು ಎಂದು ಹೇಳುವವರು ಮಾತ್ರ ಇಲ್ಲ. ಆ ಕೆಲಸಕ್ಕೆ ಈಗ ಫೋನಿಗೆ ಸಂದೇಶ ಬರುತ್ತದೆ.

ಹೋದ ದಸರಾದ ವಾರ ಗೇಟಿನ ಮುಂದಿನ ಬೀದಿ ದೀಪ ಸುಟ್ಟುಹೋಯಿತು. ಒಂದು ಫೋನು ಮಾಡಿದ್ದರೆ ಬಂದು ಬದಲಾಯಿಸುತ್ತಿದ್ದರು. ಮಾಡಲಿಲ್ಲ. ಹೆಂಡತಿ ಎರಡು ಸಲ ನೆನಪು ಮಾಡಿದಳು, ಮಾಡಿದೆ ಎಂದು ಸುಳ್ಳು ಹೇಳಿದೆ. ನವೆಂಬರ್ ಕೊನೆಗೆ ರಸ್ತೆ ಕಡೆಯ ಕೊಂಬೆಗಳ ತುದಿಯ ಎಲೆಯಲ್ಲಿ ನರ ಕೆಂಪಾಯಿತು. ಎಲೆ ಒಂದೇ ಸಲ ಬಣ್ಣ ತಿರುಗುವುದಿಲ್ಲ. ಮೊದಲು ನಡುನರ, ಆಮೇಲೆ ಅಕ್ಕಪಕ್ಕದ ಗೆರೆಗಳು, ಶಾಯಿ ಕಾಗದಕ್ಕೆ ಹಬ್ಬಿದ ಹಾಗೆ ಅಂಚಿನ ತನಕ. ಬೆಳಗ್ಗೆ ಹಲ್ಲುಜ್ಜುತ್ತ ದಿನಾ ಹೋಗಿ ನೋಡುತ್ತಿದ್ದೆ. ಕ್ರಿಸ್‌ಮಸ್ ವಾರಕ್ಕೆ ಇಡೀ ಗಿಡ ಸುತ್ತಲೂ ಕೆಂಪು.

ಜನವರಿ ಮೊದಲ ವಾರ ಎದುರು ಮನೆ ಮೇಷ್ಟ್ರು ಟಾರ್ಚು ಹಿಡಿದುಕೊಂಡು ಬಂದರು. "ಮೂರು ತಿಂಗಳಾಯ್ತಲ್ಲ ಮಾರಾಯ್ರೇ, ಹಾವು ಗೀವು ತುಳಿದ್ರೆ ಯಾರು ಜವಾಬ್ದಾರಿ? ನಾನೇ ಫೋನ್ ಮಾಡ್ಬಿಟ್ಟೆ" ಎಂದರು. ಮಾರನೆಯ ದಿನ ಏಣಿ ಹಾಕಿಕೊಂಡು ಇಬ್ಬರು ಬಂದರು. ಹಳೆಯದಕ್ಕಿಂತ ಹೊಸ ದೀಪಕ್ಕೆ ಬೆಳಕು ಹೆಚ್ಚು. ಗೇಟಿನ ಕಂಬದ ನೆರಳೂ ಈಗ ಒಂದಡಿ ಒಳಗೆ ಬೀಳುತ್ತದೆ.